ಗಾಳ, ರೀಲು, ದಾರ: ಮೊದಲು ತುಂಡಾಗಬೇಕಾದ್ದು ಯಾವುದು?

“ಮಾವಾ, ಮೂರು ಸಾವಿರದ ರೀಲು ತಗೊಳ್ಳಲಾ, ನಾಲ್ಕು ಸಾವಿರದ್ದಾ?” ಎಂದು ಅಳಿಯ ಫೋನ್ ಮಾಡಿದ. “ದುಡ್ಡು ಜಾಸ್ತಿ ಆಗಿದೆಯೇನೋ? ಒಂದೂವರೆ ಸಾವಿರದ್ದು ಸಾಕು” ಎಂದೆ. ಅವನು ನಕ್ಕುಬಿಟ್ಟ. ಅವನು ಕೇಳಿದ್ದು ಬೆಲೆಯಲ್ಲ, ಸೈಜು. ಗಾಳದ ದಾರ ಸುತ್ತುವ ಸ್ಪಿನ್ನಿಂಗ್ ರೀಲುಗಳ ಮೇಲೆ 1000, 2500, 3000, 4000 ಎಂದು ಬರೆದಿರುತ್ತದೆ. ನಂಬರು ದೊಡ್ಡದಾದಷ್ಟೂ ರೀಲು ದೊಡ್ಡದು, ಹಿಡಿಯುವ ದಾರವೂ ಹೆಚ್ಚು. ಇಷ್ಟು ವರ್ಷ ಗಾಳ ಹಾಕಿದ ನನಗೇ ಒಂದು ಗಳಿಗೆ ತಲೆಗೆ ಹೋಗಲಿಲ್ಲ. ಹೊಸಬರ ಕಥೆ ಏನು ಹೇಳೋದು.

ಅದೇ ವಾರ ಹಿಂದಿನ ಬೀದಿಯ ನಿವೃತ್ತ ಮೇಷ್ಟ್ರು ಸಿಕ್ಕರು. “ಬಿದಿರು ಕೋಲು ಸಾಕಲ್ವೇನ್ರೀ, ಇದೆಲ್ಲಾ ಯಾಕೆ?” ಎಂದರು. ಕೆಳಗಿನ ಮನೆಯ ಅಕ್ಕ, ಹತ್ತು ವರ್ಷದ ಮಗ ಹಟ ಹಿಡಿದಿದ್ದಾನೆ, ಏನು ಕೊಡಿಸಿದರೆ ಅಪಾಯವಿಲ್ಲ ಎಂದು ಕೇಳಿದರು. ಮೂವರಿಗೂ ಒಂದೇ ಉತ್ತರ ಕೊಡಲು ಆಗಲಿಲ್ಲ. ಬೇಕಾದದ್ದೇ ಬೇರೆ ಬೇರೆ. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: “ಇದು ಎಷ್ಟು ಕೆಜಿ ತಡೆಯುತ್ತೆ?” ನಾನು ಕೇಳಿಕೊಳ್ಳಿ ಎನ್ನುವುದು ಇನ್ನೊಂದು: ಎಳೆತ ಜಾಸ್ತಿಯಾದಾಗ ಮೊದಲು ಏನು ತುಂಡಾಗುತ್ತದೆ? ಏನಾದರೂ ಒಂದು ಸೋಲಲೇಬೇಕು. ಗಾಳದ ಹತ್ತಿರದ ಗೇಣುದ್ದ ದಾರ ತುಂಡಾದರೆ ಹೋಗುವುದು ಒಂದು ಮುಳ್ಳು, ಹತ್ತು ರೂಪಾಯಿ. ರೀಲಿನ ಹತ್ತಿರ ತುಂಡಾದರೆ ಐವತ್ತು ಮೀಟರ್ ನೈಲಾನ್ ಕೆರೆಯಲ್ಲಿ ಉಳಿದು ಬೆಳ್ಳಕ್ಕಿಗೋ ನೀರುಕಾಗೆಗೋ ಉರುಳಾಗುತ್ತದೆ. ಏನೂ ತುಂಡಾಗದಿದ್ದರೆ? ಆಗ ನಿಮ್ಮ ಬೆರಳು.

ಮೊದಲು ನೀರು, ಆಮೇಲೆ ರೀಲು

ನಮ್ಮ ಕಡೆ ಗಾಳ ಹಾಕುವ ಜಾಗಗಳು ಒಂದರಂತೆ ಒಂದಿಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ನೀರು. ಏರಿಯ ಉದ್ದ ಕಡಿಮೆ, ನೀರು ಮಾತ್ರ ಕಣ್ಣಿಗೆ ಎಟುಕದಷ್ಟು. ಏರಿಯ ಬಳಿ ಕಲ್ಲು, ಆಳ. ಅಂಚಿನ ಹಳ್ಳಿಗಳ ಕಡೆ ಹೋದರೆ ಕೆಸರು, ಜೊಂಡು. ಅಲ್ಲಿ ದೂರ ಎಸೆಯಲು ಆಗಬೇಕು, ಇಲ್ಲವೇ ಜೊಂಡಿನ ಸಂದಿಯಲ್ಲಿ ಮೆಲ್ಲಗೆ ಇಳಿಬಿಡಲು ಆಗಬೇಕು. ಎರಡಕ್ಕೂ ಒಂದೇ ಸೆಟ್ ಒಗ್ಗುವುದಿಲ್ಲ.

ಹರಿಹರದಲ್ಲಿ ತುಂಗಭದ್ರೆ ಹರಿಯುವ ನೀರು. ಸೂಳೆಕೆರೆಯಿಂದ ಇಳಿದು ಬರುವ ಹರಿದ್ರಾ ಹಳ್ಳವೂ ಅಲ್ಲೇ ಬಂದು ಸೇರುತ್ತದೆ. ಬಂಡೆ ಇದೆ, ಮರಳು ತೆಗೆದ ಗುಂಡಿಗಳಿವೆ. ಮೊಣಕಾಲುದ್ದ ಎಂದುಕೊಂಡು ಇಟ್ಟ ಹೆಜ್ಜೆ ಎದೆಮಟ್ಟಕ್ಕೆ ಹೋಗುತ್ತದೆ. ತುಂಗಭದ್ರೆಯಲ್ಲಿ ಮೊಸಳೆಗಳೂ ಇವೆ, ಅದನ್ನು ಮರೆಯಬೇಡಿ. ದಾರ ಮುಳುಗಲೆಂದು ಕಟ್ಟುವ ಸೀಸದ ಗುಂಡು ಬಂಡೆ ಸಂದಿಗೆ ಸಿಕ್ಕಿಕೊಳ್ಳುವುದು ಅಲ್ಲಿ ದಿನಕ್ಕೆ ಹತ್ತು ಸಲ.

ಭದ್ರಾ ನಾಲೆಯ ಮಾತೇ ಬೇರೆ. ನೀರು ಬಿಟ್ಟಾಗ ಸೆಳೆತ ಜೋರು, ಸಿಮೆಂಟಿನ ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ. ಒಮ್ಮೆ ಜಾರಿದರೆ ಹಿಡಿದುಕೊಳ್ಳಲು ಏನೂ ಇಲ್ಲ. ನೀರು ತುಂಬಿ ಹರಿಯುವಾಗ ನಾನು ನಾಲೆಗೆ ಗಾಳ ಹಾಕುವುದಿಲ್ಲ. ನೀರು ನಿಲ್ಲಿಸಿದ ಮೇಲೆ ಅಲ್ಲಲ್ಲಿ ಉಳಿಯುವ ಗುಂಡಿಗಳಲ್ಲಿ ಜಿಲೇಬಿ ಮೀನು ಹಿಡಿಯುವುದಕ್ಕೆ ಯಾವ ರೀಲೂ ಬೇಕಿಲ್ಲ.

ಇನ್ನು ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮವರ ಬಾಯಲ್ಲಿ ಮಾರಿಕಣಿವೆ. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 89 ವರ್ಷ ಕಳೆದು 2022ರಲ್ಲಿ. ಆ ವರ್ಷ ಹೊಸದುರ್ಗದ ಕಡೆಯ ಹಿನ್ನೀರಿನಲ್ಲಿ ತೋಟಗಳಿಗೂ ನೀರು ನುಗ್ಗಿತು. ಗಾಳ ಹಾಕುವವನಿಗೆ ಇದರ ಅರ್ಥ ಸರಳ: ನೀರಿನಡಿ ಜಾಲಿ ಇದೆ, ಬೇಲಿ ಇದೆ, ಮರದ ಬುಡ ಇದೆ. ದಾರ ಸಿಕ್ಕಿಕೊಳ್ಳುವ ಜಾಗ.

ಹೋಗುವ ಮುಂಚೆ ಒಂದು ಮಾತು ಕೇಳಿಕೊಳ್ಳಿ. ಕೆರೆಗಳ ಮೀನಿನ ಹಕ್ಕನ್ನು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಕ್ಕೋ ಟೆಂಡರ್ ಹಿಡಿದವರಿಗೋ ಕೊಟ್ಟಿರುತ್ತಾರೆ. ಮರಿ ಬಿಟ್ಟು ಸಾಕಿದ್ದು ಅವರು. ಕೇಳಿದರೆ ಬಹಳ ಜನ ಬೇಡ ಎನ್ನುವುದಿಲ್ಲ, ಕೇಳದೆ ಹೋದರೆ ರೀಲು ಕಸಿದುಕೊಂಡರೂ ನಿಮ್ಮ ಕಡೆ ಮಾತಿರುವುದಿಲ್ಲ. ಕುಂದವಾಡ ಕೆರೆ ದಾವಣಗೆರೆಗೆ ಕುಡಿಯುವ ನೀರು ಕೊಡುವ ಕೆರೆ, ಅಲ್ಲಿ ವಾಕಿಂಗ್ ಮಾಡಿ ಬನ್ನಿ ಸಾಕು. ಮುಂಗಾರಿನಲ್ಲಿ ಗೆಂಡೆ ಜಾತಿಯ ಮೀನುಗಳು ಮೊಟ್ಟೆ ಇಡುತ್ತವೆ, ಆಗ ನಾನಂತೂ ಗಾಳ ಒಳಗಿಡುತ್ತೇನೆ.

ನೀರು ಗೊತ್ತಾಯಿತು. ಉಳಿದದ್ದು ನಾಲ್ಕು ವಿಷಯ. ಸಿಗುವ ಮೀನು ಎಷ್ಟು ದೊಡ್ಡದು? ಜಿಲೇಬಿ ಕಾಲು ಕೆಜಿ, ಸೂಳೆಕೆರೆಯ ಕಾಟ್ಲಾ ಐದಾರು ಕೆಜಿ ತೂಗಬಹುದು. ಹಿಡಿಯುವ ಕೈ ಯಾರದ್ದು, ಹುಡುಗನದ್ದಾ, ವಯಸ್ಸಾದವರದ್ದಾ? ತಲೆಯ ಮೇಲೆ ಕರೆಂಟ್ ವೈರ್ ಇದೆಯಾ? ಕೆಟ್ಟರೆ ಇಲ್ಲೇ ರಿಪೇರಿ ಆಗುತ್ತದಾ, ಅಥವಾ ಬೆಂಗಳೂರಿಗೆ ಕಳಿಸಬೇಕಾ? ಈ ಕೊನೆಯದನ್ನು ಯಾರೂ ಯೋಚಿಸುವುದಿಲ್ಲ. ಆಮೇಲೆ ಅದೇ ದೊಡ್ಡ ತಲೆನೋವು.

ಬಿದಿರು ಕೋಲು

ಮೇಷ್ಟ್ರು ಹೇಳಿದ್ದರಲ್ಲಿ ತಪ್ಪಿಲ್ಲ. ಎರಡಾಳುದ್ದದ ಸಣ್ಣ ಬಿದಿರು, ತುದಿಗೆ ಅಷ್ಟೇ ಉದ್ದದ ನೈಲಾನ್ ದಾರ, ಒಂದು ಬೆಂಡು, ಸೀಸದ ಚೂರು, ಗಾಳ, ಎರೆಹುಳ. ಎಲ್ಲಾ ಸೇರಿ ಇನ್ನೂರು ರೂಪಾಯಿ ಒಳಗೆ. ಇದರಲ್ಲಿ ಸಿಕ್ಕು ಬೀಳಲು ರೀಲೇ ಇಲ್ಲ. ತುಂಡಾದರೂ ನೀರಿನಲ್ಲಿ ಉಳಿಯುವುದು ಎರಡು ಮೂರು ಮೀಟರ್ ದಾರ. ಕೋಲು ಬಾಗಿ ಎಳೆತವನ್ನು ತಾನೇ ನುಂಗುತ್ತದೆ. ಸುರಕ್ಷತೆಯಲ್ಲಿ ಇದಕ್ಕೇ ಮೊದಲ ಅಂಕ.

ಕೊರತೆಯೂ ಅಲ್ಲೇ ಇದೆ. ದೊಡ್ಡ ಮೀನು ಕಚ್ಚಿದರೆ ಬಿಡಲು ದಾರ ಇಲ್ಲ. ಕಾಟ್ಲಾ ಒಮ್ಮೆ ಆಳಕ್ಕೆ ತಿರುಗಿತು ಎಂದರೆ ಒಂದೋ ದಾರ ಹೋಗುತ್ತದೆ, ಇಲ್ಲ ಕೋಲೇ ಕೈಜಾರಿ ಹೋಗುತ್ತದೆ. ಕೋಲಿನ ಹಿಂದೆ ನೀರಿಗೆ ಇಳಿದವರನ್ನು ನಾನು ನೋಡಿದ್ದೇನೆ. ದಯವಿಟ್ಟು ಇಳಿಯಬೇಡಿ, ಕೋಲು ಮತ್ತೆ ಸಿಗುತ್ತದೆ. ಅದಕ್ಕೆ ನಾನು ಬಿದಿರಿಗೆ 0.25 ಮಿಲಿಮೀಟರ್ ದಾರವನ್ನೇ ಕಟ್ಟುವುದು, ಅದಕ್ಕಿಂತ ದಪ್ಪ ಕಟ್ಟುವುದಿಲ್ಲ. ಭಾರಿ ಮೀನು ಬಂದರೆ ಕಿತ್ತುಕೊಂಡು ಹೋಗಲಿ. ಜಿಲೇಬಿ, ಸಣ್ಣ ಗೆಂಡೆಗೆ ಅಷ್ಟು ಸಾಕು.

ಈಗ ಒಂದರೊಳಗೊಂದು ಸೇರುವ ಫೈಬರ್ ಕೋಲುಗಳು ಬಂದಿವೆ. ಬೈಕಿನಲ್ಲಿ ಒಯ್ಯಲು ಸುಲಭ. ಕೊಳ್ಳುವಾಗ ಫೈಬರ್ ಗ್ಲಾಸಾ, ಕಾರ್ಬನ್ನಾ ಕೇಳಿ. ಕಾರ್ಬನ್ ಹಗುರ, ನೋಡಲೂ ಚೆಂದ. ಆದರೆ ಅದರಲ್ಲಿ ಕರೆಂಟ್ ಹರಿಯುತ್ತದೆ. ನಮ್ಮ ಗದ್ದೆ ಬಯಲಿನಲ್ಲಿ ನಾಲೆ ಪಕ್ಕ, ಕೆರೆ ಅಂಚಿನಲ್ಲಿ ಪಂಪ್‌ಸೆಟ್ಟಿನ ವೈರ್ ಇಲ್ಲದ ಜಾಗ ಕಡಿಮೆ, ಜೋತುಬಿದ್ದ ವೈರೂ ಉಂಟು. ನಾಲ್ಕೈದು ಮೀಟರ್ ಕೋಲು ಎತ್ತಿದರೆ ಅದಕ್ಕೆ ತಾಗಲು ಎಷ್ಟು ಹೊತ್ತು? ವೈರಿನಿಂದ ಮೂವತ್ತು ಮೀಟರ್ ದೂರ ಎನ್ನುವುದು ನಾನು ಪಾಲಿಸುವ ಲೆಕ್ಕ. ಒದ್ದೆ ಬಿದಿರೂ ನಂಬಿಕೆಗೆ ಅರ್ಹವಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿಸಿತೋ, ಕೋಲು ಕೆಳಗಿಟ್ಟು ದೂರ ಹೋಗಿ.

ಕೈದಾರ

ಹಲಗೆಗೋ ಪ್ಲಾಸ್ಟಿಕ್ ಬಾಟಲಿಗೋ ದಾರ ಸುತ್ತಿ, ಸೀಸ ಕಟ್ಟಿ, ಬೀಸಿ ಎಸೆಯುವುದು. ಬಿದಿರಿಗಿಂತಲೂ ಅಗ್ಗ. ಹರಿಹರದ ಮೆಟ್ಟಿಲ ಮೇಲೆ ಹುಡುಗರು ಇದನ್ನೇ ಹಿಡಿದು ಕುಳಿತಿರುತ್ತಾರೆ. ಅನುಭವ ಇರುವವರ ಕೈಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಮೀನು ಮುಟ್ಟಿದ್ದು ಬೆರಳಿಗೇ ತಿಳಿಯುತ್ತದೆ.

ಆದರೂ ಹೊಸಬರಿಗೆ, ಮಕ್ಕಳಿಗೆ ನಾನು ಬೇಡ ಎನ್ನುತ್ತೇನೆ. ಇಲ್ಲಿ ಎಳೆತ ತಡೆಯುವ ವಸ್ತು ನಿಮ್ಮ ಚರ್ಮ ಒಂದೇ. ದಾರವನ್ನು ಬೆರಳಿಗೆ ಒಂದು ಸುತ್ತು ಸುತ್ತಿಕೊಳ್ಳುವುದು ಎಲ್ಲರ ಅಭ್ಯಾಸ. ಮೀನು ಎಳೆದ ತಕ್ಷಣ ಆ ಸುತ್ತು ಬಿಗಿಯುತ್ತದೆ, ಬಿಡಿಸಿಕೊಳ್ಳಲು ಆಗುವುದಿಲ್ಲ. ಕೈದಾರವೇ ಬೇಕೆಂದರೆ 0.60 ಮಿಲಿಮೀಟರ್‌ಗಿಂತ ದಪ್ಪದ ನೈಲಾನ್ ತೆಗೆದುಕೊಳ್ಳಿ, ದಪ್ಪ ದಾರ ಕೈ ಕೊಯ್ಯುವುದು ಕಡಿಮೆ. ಗಾಳದ ಬಳಿ ತೆಳು ದಾರ ಸೇರಿಸಿ. ಬಟ್ಟೆ ಕೈಗವಸು ಹಾಕಿ. ಬಾಟಲಿಯನ್ನು ಕಾಲ ಕೆಳಗೆ ಒತ್ತಿಡಿ, ಕಾಲಿಗೆ ಕಟ್ಟಿಕೊಳ್ಳಬೇಡಿ. ನಗಬೇಡಿ, ಕಟ್ಟಿಕೊಂಡವರಿದ್ದಾರೆ.

ಸ್ಪಿನ್ನಿಂಗ್ ರೀಲು

ಹೆಚ್ಚಿನವರಿಗೆ ಕೊನೆಗೆ ಒಪ್ಪುವುದು ಇದೇ. ಕೋಲಿನ ಕೆಳಗೆ ತೂಗುವ ರೀಲು, ಮುಂದೆ ಒಂದು ತಂತಿ ಬಳೆ. ಬಳೆ ಎತ್ತಿ ಎಸೆದರೆ ದಾರ ಸುರುಳಿ ಬಿಚ್ಚಿಕೊಂಡು ಹೋಗುತ್ತದೆ, ಹಿಡಿ ತಿರುಗಿಸಿದರೆ ವಾಪಸ್ ಸುತ್ತುತ್ತದೆ. ಅರ್ಧ ದಿನದಲ್ಲಿ ಯಾರಾದರೂ ಕಲಿಯಬಹುದು.

ಇದರ ಜೀವ ಇರುವುದು ಡ್ರ್ಯಾಗ್‌ನಲ್ಲಿ, ಅಂದರೆ ದಾರದ ಬ್ರೇಕಿನಲ್ಲಿ. ದಾರ ಸುತ್ತಿರುವ ಸ್ಪೂಲಿನ ನೆತ್ತಿಯ ಮೇಲೊಂದು ತಿರುಪು ಇರುತ್ತದೆ. ಅದನ್ನು ಬಿಗಿ ಮಾಡಿದರೆ ದಾರ ಕಷ್ಟಪಟ್ಟು ಹೊರಹೋಗುತ್ತದೆ, ಸಡಿಲಿಸಿದರೆ ಸುಲಭವಾಗಿ. ಮೀನು ಜೋರಾಗಿ ಎಳೆದಾಗ ಸ್ಪೂಲು ಜಾರಿ ದಾರ ಬಿಟ್ಟುಕೊಡಬೇಕು. ಹಾಗೆ ಬಿಟ್ಟುಕೊಟ್ಟರೆ ಏನೂ ತುಂಡಾಗುವುದಿಲ್ಲ, ಕೋಲೂ ಕೈಯಲ್ಲೇ ಇರುತ್ತದೆ. ಹೊಸಬರು ಮೀನು ತಪ್ಪಿಸಿಕೊಳ್ಳಬಾರದು ಎಂದು ತಿರುಪನ್ನು ಪೂರ್ತಿ ಬಿಗಿ ಮಾಡುತ್ತಾರೆ. ಅಲ್ಲಿಗೆ ರೀಲು ಕೊಂಡ ದುಡ್ಡು ದಂಡ, ಬಿದಿರು ಕೋಲಿಗೂ ಅದಕ್ಕೂ ವ್ಯತ್ಯಾಸ ಇಲ್ಲ.

ಎಷ್ಟು ಬಿಗಿ ಇರಬೇಕು? ದಾರ ತಡೆಯುವ ತೂಕದ ಕಾಲುಭಾಗದಿಂದ ಮೂರನೇ ಒಂದು ಭಾಗ. ಎಂಟು ಕೆಜಿ ದಾರವಾದರೆ ಎರಡು, ಎರಡೂವರೆ ಕೆಜಿ. ಇದನ್ನು ಕೈಯಲ್ಲಿ ಎಳೆದು ಅಂದಾಜು ಮಾಡಬೇಡಿ. ತರಕಾರಿ ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ದಾರದ ತುದಿ ಕಟ್ಟಿ, ಕೋಲು ಬಾಗಿಸಿ ಎಳೆಯಿರಿ. ಸ್ಪೂಲು ಜಾರುವ ಹೊತ್ತಿಗೆ ಮುಳ್ಳು ಎಲ್ಲಿರುತ್ತದೆ ನೋಡಿಕೊಳ್ಳಿ. ನಾನು ಮೊದಲ ಸಲ ತೂಗಿದಾಗ ಆರು ಕೆಜಿ ತೋರಿಸಿತ್ತು. ಅಲ್ಲಿವರೆಗೆ ಮೀನು ಕಳೆದುಕೊಂಡಾಗಲೆಲ್ಲ ದಾರವನ್ನು ಬೈಯುತ್ತಿದ್ದೆ.

ಸೈಜಿನ ವಿಷಯ. 1000, 2000 ಜಿಲೇಬಿಗೆ, ಹುಡುಗರ ಕೈಗೆ. 2500, 3000 ನಮ್ಮ ಕೆರೆಗಳಿಗೆಲ್ಲ ಸರಿ. 4000 ಬೇಕಾಗುವುದು ಸೂಳೆಕೆರೆಯಲ್ಲೋ ಮಾರಿಕಣಿವೆಯಲ್ಲೋ ದಪ್ಪ ಸೀಸ ಕಟ್ಟಿ ದೂರ ಎಸೆದು ದೊಡ್ಡ ಗೆಂಡೆಗೆ, ಬಾಳೆ ಮೀನಿಗೆ ಕಾಯುವಾಗ. ಅದನ್ನು ದಿನವಿಡೀ ಹಿಡಿದು ಎಸೆಯುತ್ತಿದ್ದರೆ ಮಣಿಕಟ್ಟು ನೋಯುತ್ತದೆ. ಒಂದೇ ರೀಲು ಕೊಳ್ಳುವುದಾದರೆ 3000 ಎನ್ನುತ್ತೇನೆ.

ಬೆಲೆಯಲ್ಲಿ ಮೂರು ಮೆಟ್ಟಿಲು. ಕೋಲು, ರೀಲು, ದಾರ ಎಲ್ಲಾ ಸೇರಿಸಿ ಸಾವಿರ, ಸಾವಿರದಿನ್ನೂರಕ್ಕೆ ಸಿಗುವ ಕಾಂಬೋಗಳು ಮೊದಲನೆಯದು. ಅಂಥದ್ದೊಂದು ತಂದು ಮೂರನೇ ಭಾನುವಾರವೇ ಬಳೆಯ ಸ್ಪ್ರಿಂಗ್ ಹೋಯಿತು. ಅಂಗಡಿಯವರು “ಇದಕ್ಕೆ ಸ್ಪೇರ್ ಬರಲ್ಲ ಸಾರ್” ಎಂದುಬಿಟ್ಟರು. ಸ್ಪ್ರಿಂಗ್ ಹೋದರೆ ಎಸೆಯುವ ಮಧ್ಯೆಯೇ ಬಳೆ ಮುಚ್ಚಿಕೊಳ್ಳುತ್ತದೆ, ದಾರ ಅರ್ಧದಲ್ಲೇ ತುಂಡಾಗಿ ಸೀಸದ ಗುಂಡು ಎಲ್ಲಿ ಹಾರುತ್ತದೋ ದೇವರೇ ಬಲ್ಲ. ಪಕ್ಕದಲ್ಲಿ ಮಕ್ಕಳಿದ್ದರೆ? ಎರಡನೆಯದು, ರೀಲಿಗೇ ಒಂದೂವರೆಯಿಂದ ಎರಡೂವರೆ ಸಾವಿರ, ಕೋಲು ಬೇರೆ. ಶಿಮಾನೊ, ಡೈವಾ ಥರದ ಕಂಪನಿಗಳ ಆರಂಭದ ಮಾಡೆಲ್‌ಗಳು ಹೆಚ್ಚುಕಡಿಮೆ ಈ ಸುತ್ತಿನಲ್ಲಿ ಬರುತ್ತವೆ. ನನ್ನ ಪ್ರಕಾರ ದುಡ್ಡಿಗೆ ತಕ್ಕ ಮಾಲು ಸಿಗುವುದು ಇಲ್ಲಿಯೇ. ಐದು ಸಾವಿರದ ಮೇಲಿನದ್ದು ಮೂರನೇ ಮೆಟ್ಟಿಲು. ತಿರುಗಿಸಲು ಬೆಣ್ಣೆ ಹಾಗಿರುತ್ತದೆ, ನಿಜ. ಮೀನಿಗೆ ಮಾತ್ರ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಬೇರಿಂಗ್ ಎಷ್ಟು ಎಂದು ಡಬ್ಬದ ಮೇಲೆ ದೊಡ್ಡದಾಗಿ ಹಾಕಿರುತ್ತಾರೆ. ಹನ್ನೆರಡು ಕಳಪೆ ಬೇರಿಂಗ್‌ಗಿಂತ ನಾಲ್ಕು ಒಳ್ಳೆಯವು ಮೇಲು. ಅಂಗಡಿಯಲ್ಲೇ ಡ್ರ್ಯಾಗ್ ಸ್ವಲ್ಪ ಬಿಗಿ ಮಾಡಿ ದಾರ ಎಳೆದು ನೋಡಿ. ಒಂದೇ ಸಮ ಜಾರಿದರೆ ತಗೊಳ್ಳಿ. ನಿಂತು ನಿಂತು ಜಗ್ಗಿದರೆ ಬೇಡ.

ಬೇಟ್‌ಕಾಸ್ಟರ್ ಅಂತ ಇನ್ನೊಂದಿದೆ, ಕೋಲಿನ ಮೇಲೆ ಕೂರುವ ಉರುಳೆ ರೀಲು. ಕೊರಮೀನಿಗೆ ಕಪ್ಪೆ ಆಕಾರದ ರಬ್ಬರ್ ಎಸೆಯುವವರು ಇದಕ್ಕೆ ಮರುಳಾಗಿದ್ದಾರೆ. ಜೊಂಡಿನ ನಡುವೆ ಇಂಥದ್ದೇ ಜಾಗಕ್ಕೆ ಬೀಳಬೇಕೆಂದು ಎಸೆಯಲು ಇದನ್ನು ಮೀರಿಸುವುದು ಬೇರೊಂದಿಲ್ಲ. ಹೆಬ್ಬೆರಳಿನಿಂದ ಉರುಳೆ ತಡೆಯುವುದು ಒಂದು ಕಲೆ. ತಡೆಯದಿದ್ದರೆ ದಾರ ಗುಬ್ಬಿಗೂಡಾಗುತ್ತದೆ, ಸಿಕ್ಕು ಬಿಡಿಸುವಷ್ಟರಲ್ಲಿ ಭಾನುವಾರ ಮುಗಿದಿರುತ್ತದೆ. ಮೂರು ಸಾವಿರದ ಕೆಳಗಿನದ್ದು ಕೊಳ್ಳಬೇಡಿ, ಎರಡು ವರ್ಷ ಸ್ಪಿನ್ನಿಂಗ್ ಹಿಡಿದ ಮೇಲೆ ಕೊಳ್ಳಿ.

ದಾರದ ಲೆಕ್ಕ

ರೀಲಿಗೆ ಎರಡು ಸಾವಿರ ಕೊಟ್ಟವರು ದಾರಕ್ಕೆ ಐವತ್ತು ರೂಪಾಯಿ ಹೆಚ್ಚು ಕೊಡಲು ಹಿಂದೆ ಮುಂದೆ ನೋಡುತ್ತಾರೆ. ಮೀನಿಗೂ ನಿಮಗೂ ನಡುವೆ ಇರುವುದು ಅದೊಂದೇ ಅಲ್ವಾ?

ಒಂಟಿ ಎಳೆಯ ನೈಲಾನ್, ಅಂದರೆ ಮೋನೋ, ಎಳೆದರೆ ಹಿಗ್ಗುತ್ತದೆ. ಈ ಹಿಗ್ಗು ಹೊಸಬರಿಗೆ ವರ. ಮೀನು ಹಠಾತ್ತಾಗಿ ತಿರುಗಿದರೂ, ನೀವು ಗಾಬರಿಯಲ್ಲಿ ಜಗ್ಗಿದರೂ ದಾರ ಸುಧಾರಿಸಿಕೊಳ್ಳುತ್ತದೆ. ಗಂಟು ಚೆನ್ನಾಗಿ ಕೂರುತ್ತದೆ, ಬಂಡೆಯ ಉಜ್ಜಾಟವನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. 0.30 ಮಿಲಿಮೀಟರ್ ಸುಮಾರು ಐದಾರು ಕೆಜಿ, 0.35 ಏಳೆಂಟು ಕೆಜಿ ತಡೆಯುತ್ತದೆ. ಕಂಪನಿಯಿಂದ ಕಂಪನಿಗೆ ಹೆಚ್ಚುಕಡಿಮೆ. 0.30 ಎಂದು ಬರೆದು ಹದಿನೈದು ಕೆಜಿ ಎಂದರೆ ಆ ಡಬ್ಬವನ್ನು ಅಲ್ಲೇ ಇಟ್ಟು ಬನ್ನಿ. ನೂರು ಮೀಟರ್‌ಗೆ ನೂರರಿಂದ ಇನ್ನೂರೈವತ್ತು ರೂಪಾಯಿ. ಕೆಟ್ಟ ಗುಣ ಎಂದರೆ ಬಿಸಿಲಿಗೆ ಸಾಯುತ್ತದೆ. ಚಿತ್ರದುರ್ಗದ ಬಿಸಿಲಿನಲ್ಲಿ ಬೈಕಿನ ಮೇಲೆ ಕಟ್ಟಿಕೊಂಡು ತಿರುಗಿದ ರೀಲಿನ ದಾರವನ್ನು ವರ್ಷಕ್ಕೊಮ್ಮೆ ಬದಲಿಸಿ.

ಬ್ರೇಡ್ ಅಂದರೆ ತೆಳು ಎಳೆಗಳನ್ನು ಜಡೆ ಹೆಣೆದ ದಾರ. ಅದೇ ದಪ್ಪದ ನೈಲಾನಿಗಿಂತ ಎರಡು ಮೂರು ಪಟ್ಟು ಗಟ್ಟಿ. ಹಿಗ್ಗುವುದೇ ಇಲ್ಲ ಎನ್ನಬಹುದು. ದೂರ ಹೋಗುತ್ತದೆ, ಮೀನು ಮೂಸಿದ್ದೂ ಕೈಗೆ ತಿಳಿಯುತ್ತದೆ, ಜೊಂಡನ್ನೇ ಕೊಯ್ದುಕೊಂಡು ಬರುತ್ತದೆ. ಕೊರಮೀನು ಹಿಡಿಯುವವರಿಗೆ ಬೇರೆ ದಾರಿಯಿಲ್ಲ. ಆದರೆ ಜೊಂಡು ಕೊಯ್ಯುವುದು ಬೆರಳು ಬಿಡುತ್ತದಾ? ಒಮ್ಮೆ ಹರಿಹರದಲ್ಲಿ ಸೀಸ ಬಂಡೆಗೆ ಸಿಕ್ಕಿತು. ಬ್ರೇಡನ್ನು ಅಂಗೈಗೆ ಎರಡು ಸುತ್ತು ಸುತ್ತಿ ಜಗ್ಗಿದೆ. ಬಂಡೆ ಬಿಡಲಿಲ್ಲ, ದಾರವೂ ಬಿಡಲಿಲ್ಲ. ಕಿರುಬೆರಳಿನ ಬುಡಕ್ಕೆ ಮೂರು ಹೊಲಿಗೆ ಬಿತ್ತು. ಎಡಗೈಯಲ್ಲಿ ತಿಂಡಿ ತಿನ್ನುತ್ತಾ ಒಂದು ವಾರ ಕಳೆದೆ. ಮನೆಯವಳು ಏನೂ ಅನ್ನಲಿಲ್ಲ, ಅದೇ ಜಾಸ್ತಿ ನೋವಾಯಿತು.

ಸಿಕ್ಕಿಕೊಂಡಾಗ ಈಗ ಮಾಡುವುದು ಇಷ್ಟು. ಪಕ್ಕಕ್ಕೆ ನಡೆದು ಬೇರೆ ಕೋನದಿಂದ ಮೆಲ್ಲಗೆ ಎಳೆಯುತ್ತೇನೆ. ಬರದಿದ್ದರೆ ದಾರವನ್ನು ಒಂದು ಕಟ್ಟಿಗೆ ತುಂಡಿಗೆ ನಾಲ್ಕು ಸುತ್ತು ಸುತ್ತಿ, ಮುಖ ಆ ಕಡೆ ತಿರುಗಿಸಿ, ಹಿಂದಕ್ಕೆ ನಡೆಯುತ್ತೇನೆ. ಕೋಲು ಬಾಗಿಸಿ ಜಗ್ಗಿದರೆ ಸೀಸದ ಗುಂಡು ಕವಣೆ ಕಲ್ಲಿನಂತೆ ವಾಪಸ್ ಬರುತ್ತದೆ. ಕಣ್ಣಿಗೆ ಸಾದಾ ಕನ್ನಡಕವಾದರೂ ಇರಲಿ. ಅಂದಹಾಗೆ ಸೀಸವನ್ನು ಹಲ್ಲಿನಿಂದ ಕಚ್ಚಿ ಮುಚ್ಚುವ ಚಾಳಿ ನಮ್ಮಲ್ಲಿ ಬಹಳ. ಸೀಸ ವಿಷ. ಇಕ್ಕಳ ಬಳಸಿ.

ಬ್ರೇಡ್ ಹಾಕುವವರು ಇನ್ನೆರಡು ವಿಷಯ ನೋಡಿಕೊಳ್ಳಬೇಕು. ಬರಿಯ ಸ್ಪೂಲಿಗೆ ಸುತ್ತಿದರೆ ಇಡೀ ಸುರುಳಿ ಜಾರುತ್ತದೆ, ಡ್ರ್ಯಾಗ್ ಕೆಟ್ಟಿದೆ ಎಂದು ರೀಲು ಬಿಚ್ಚುತ್ತೀರಿ. ತಳದಲ್ಲಿ ಹತ್ತು ಮೀಟರ್ ನೈಲಾನ್ ಸುತ್ತಿ ಅದರ ಮೇಲೆ ಬ್ರೇಡ್ ಕಟ್ಟಿ. ಹಾಗೆಯೇ ಮಾಮೂಲಿ ಗಂಟು ಬ್ರೇಡಿನಲ್ಲಿ ಜಾರುತ್ತದೆ, ಪಾಲೋಮರ್ ಗಂಟು ಕಲಿಯಿರಿ. ಯಾವ ದಾರವೇ ಇರಲಿ, ಗಂಟು ಬಿಗಿಯುವ ಮುಂಚೆ ನೀರಿನಲ್ಲಿ ಒದ್ದೆ ಮಾಡಿ. ಒಣಗಂಟು ತನ್ನ ಉಜ್ಜಾಟದ ಬಿಸಿಗೆ ತಾನೇ ಸೊರಗುತ್ತದೆ.

ಫ್ಲೋರೋಕಾರ್ಬನ್ ಅಂತ ಇನ್ನೊಂದು ದಾರ ಇದೆ. ನೀರಿನಲ್ಲಿ ಅಷ್ಟಾಗಿ ಕಾಣುವುದಿಲ್ಲ, ಬೇಗ ಮುಳುಗುತ್ತದೆ, ಸವೆತ ತಡೆಯುತ್ತದೆ, ಬೆಲೆ ಜಾಸ್ತಿ. ನಮ್ಮ ಕೆರೆಗಳ ಚಹಾ ಬಣ್ಣದ ನೀರಿನಲ್ಲಿ ದಾರ ಕಂಡರೇನು, ಕಾಣದಿದ್ದರೇನು. ಬಂಡೆ ಇರುವ ಕಡೆ ಗಾಳದ ಹತ್ತಿರ ಒಂದು ಮೀಟರ್ ಇದ್ದರೆ ಒಳ್ಳೆಯದು, ರೀಲಿನ ತುಂಬ ಅದನ್ನೇ ಸುತ್ತಿದರೆ ಸುಮ್ನೆ ದಂಡ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಾನು ಕಟ್ಟುವ ಕ್ರಮ ಹೀಗಿದೆ. ರೀಲಿನಲ್ಲಿ 0.35ರ ನೈಲಾನ್, ಎಂಟು ಕೆಜಿ. ಅದರ ತುದಿಗೆ ಒಂದು ಸ್ವಿವೆಲ್, ಅಂದರೆ ತಿರುಗುವ ಕೊಂಡಿ. ಕೊಂಡಿಯಿಂದ ಗಾಳಕ್ಕೆ ಅರ್ಧ ಮೀಟರ್ 0.28ರ ದಾರ, ಐದು ಕೆಜಿ. ಸೀಸಕ್ಕೆ ಬೇರೆಯೇ ಒಂದು ಗೇಣು 0.20ರ ದಾರ, ಮೂರು ಕೆಜಿ. ಬಂಡೆಗೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಸೀಸ, ಅದೊಂದೇ ಕಳಚಿ ಹೋಗುತ್ತದೆ. ಗಾಳ ಸಿಕ್ಕಿದರೆ ಅರ್ಧ ಮೀಟರ್ ಹೋಗುತ್ತದೆ. ರೀಲಿನ ದಾರ ರೀಲಿನಲ್ಲೇ ಉಳಿಯುತ್ತದೆ. ಬ್ರೇಡ್ ಹಾಕಿದವರೂ ಇದನ್ನೇ ಮಾಡಿ: ಮುಂದೆ ಒಂದೆರಡು ಮೀಟರ್ ನೈಲಾನ್ ಸೇರಿಸಿ, ಅದು ಬ್ರೇಡಿಗಿಂತ ದುರ್ಬಲವಾಗಿರಲಿ. ಗಾಳದ ಹಿಂಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿಬಿಡಿ. ಹತ್ತರಲ್ಲಿ ಒಂದು ಮೀನು ಹೋಗಬಹುದು, ಬೆರಳಿಗೆ ಚುಚ್ಚಿದಾಗ ಮಾತ್ರ ಸಲೀಸಾಗಿ ಬರುತ್ತದೆ. ಚುಚ್ಚಿದರೆ ಟಿಟಿ ಇಂಜೆಕ್ಷನ್ ಬಗ್ಗೆ ವೈದ್ಯರನ್ನು ಕೇಳಿ.

ಈಟಿ ಗನ್ನಿನ ಹುಚ್ಚು

ಅಳಿಯನ ತಲೆಯಲ್ಲಿ ಇನ್ನೊಂದು ಹುಳ ಇತ್ತು. ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡಿ ಬಂದಾಗಿನಿಂದ ನೀರಿನೊಳಗೆ ಈಟಿ ಹೊಡೆದು ಮೀನು ಹಿಡಿಯುವ ವಿಡಿಯೋ ನೋಡುತ್ತಾನೆ. “ಆ ಗನ್ನಿಗೂ ರೀಲು ಇರುತ್ತಲ್ಲ ಮಾವಾ, ಸೂಳೆಕೆರೆಯಲ್ಲಿ?” ಎಂದ.

ಸಮುದ್ರದಲ್ಲಿ ಹಾಗೆ ಬೇಟೆಯಾಡುವವರ ಮುಂದೆಯೂ ಇದೇ ಆಯ್ಕೆ ಇದೆ. ಈಟಿಯ ದಾರವನ್ನು ಗನ್ನಿಗಷ್ಟೇ ಕಟ್ಟುವುದು ಒಂದು, ಸಣ್ಣ ಮೀನಿಗೆ ಸಾಕು. ಗನ್ನಿನ ಮೇಲೆ ರೀಲು ಕೂರಿಸುವುದು ಇನ್ನೊಂದು. ಮೀನು ಓಡಿದಷ್ಟೂ ದಾರ ಬಿಡುತ್ತದೆ, ಮುಳುಗಿದವನು ಮೇಲೆ ಬಂದು ಉಸಿರು ತೆಗೆದುಕೊಳ್ಳಬಹುದು. ಅಪಾಯ ಎಂದರೆ ಸಡಿಲವಾದ ದಾರ ಕಾಲಿಗೋ ಬಂಡೆಗೋ ಸುತ್ತಿಕೊಳ್ಳುವುದು. ಮೂರನೆಯದು ತೇಲುದಾರ. ಗನ್ನಿನಿಂದ ಮೇಲೆ ತೇಲುವ ಬುಂಡೆಗೆ ದಾರ ಕಟ್ಟಿರುತ್ತಾರೆ. ಮೀನು ಭಾರಿಯಾದರೆ ಗನ್ನೇ ಕೈಬಿಟ್ಟು ಮೇಲೆ ಬರಬಹುದು, ದೋಣಿಯವರಿಗೂ ಕೆಳಗೆ ಮನುಷ್ಯ ಇದ್ದಾನೆಂದು ಕಾಣುತ್ತದೆ. ಕಲಿಯುವವರಿಗೆ ತೇಲುದಾರವೇ ಸರಿ. ಬಂಡೆ, ಕಡಲಗಿಡ ಜಾಸ್ತಿ ಇರುವಲ್ಲಿ ಅದು ಸಿಕ್ಕಿಕೊಳ್ಳುತ್ತದೆ, ಅನುಭವಿಗಳು ಅಲ್ಲಿ ರೀಲು ಹಿಡಿಯುತ್ತಾರೆ. ಯಾವುದೇ ಇರಲಿ, ದಾರವನ್ನು ಮಣಿಕಟ್ಟಿಗೋ ಮೈಗೋ ಕಟ್ಟಿಕೊಳ್ಳುವುದಿಲ್ಲ. ದಾರ ಕೊಯ್ಯುವ ಚಾಕು ಎರಡೂ ಕೈಗೆ ಸಿಗುವಂತಿರಬೇಕು. ಉಸಿರು ಹಿಡಿದು ಮುಳುಗಿದವನು ಮೇಲೆ ಬರುವಾಗ ಎಚ್ಚರ ತಪ್ಪುವುದುಂಟು. ಅದಕ್ಕೆ ಒಬ್ಬ ಮುಳುಗಿದಾಗ ಇನ್ನೊಬ್ಬ ಮೇಲಿನಿಂದ ನೋಡುತ್ತಿರಲೇಬೇಕು.

ಸೂಳೆಕೆರೆಗೆ ಇದಾವುದೂ ಬೇಡ. ನೀರಿನೊಳಗೆ ಚಾಚಿದ ಕೈಯೇ ಕಾಣುವುದಿಲ್ಲ, ಮೀನುಗಾರರು ಬಿಟ್ಟ ಬಲೆ ಕಾಣುತ್ತದಾ? ಬಲೆಗೆ ಮೀನು ಸಿಕ್ಕಂತೆ ನೀನೂ ಸಿಗುತ್ತೀಯ ಎಂದೆ. ಸುಮ್ಮನಾದ.

ಯಾರಿಗೆ ಯಾವುದು

ಅಕ್ಕನ ಮಗನಿಗೆ ಬಿದಿರು ಕೋಲು, 0.20ರ ದಾರ, ಹಿಂಮುಳ್ಳು ಒತ್ತಿದ ಸಣ್ಣ ಗಾಳ, ರಾಗಿ ಹಿಟ್ಟಿನ ಉಂಡೆ. ಏರಿಯ ಇಳಿಜಾರಲ್ಲ, ಸಮತಟ್ಟು ದಡ. ಜೊತೆಗೆ ದೊಡ್ಡವರೊಬ್ಬರು, ಅವರ ಕೈಯಲ್ಲಿ ಮೊಬೈಲ್ ಬೇಡ. ಚೇಳುಮೀನು ಬಂದರೆ ಹುಡುಗ ಮುಟ್ಟಬಾರದು, ಅದರ ಪಕ್ಕದ ಮುಳ್ಳು ಚುಚ್ಚಿದರೆ ಗಂಟೆಗಟ್ಟಲೆ ಉರಿ. ಅಲ್ಲೇ ದಾರ ಕತ್ತರಿಸಿಬಿಡಿ.

ಮೇಷ್ಟ್ರಿಗೆ ಬಿದಿರು ಸಾಕು ಎಂದೇ ಹೇಳಿದ್ದೆ. ಆಮೇಲೆ ಸೂಳೆಕೆರೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಆಸೆ ಎಂದರು. ಹಾಗಾದರೆ ಮಾತು ಬದಲು. ಏಳು ಅಡಿಯ ಫೈಬರ್ ಗ್ಲಾಸ್ ಕೋಲು, 3000 ಸೈಜಿನ ಎರಡು ಸಾವಿರದ ಒಳಗಿನ ರೀಲು, 0.35ರ ನೈಲಾನ್. ಒಟ್ಟು ಮೂರು ಸಾವಿರ ಚಿಲ್ಲರೆ. ಕೋಲನ್ನು ನೆಲಕ್ಕೆ ಊರಿಟ್ಟು ಮಂಡಕ್ಕಿ ತಿನ್ನುವಾಗ ಡ್ರ್ಯಾಗ್ ಪೂರ್ತಿ ಸಡಿಲಿಸಿರಬೇಕು, ಇಲ್ಲದಿದ್ದರೆ ಗೆಂಡೆ ಕೋಲನ್ನೇ ಎಳೆದುಕೊಂಡು ಹೋಗುತ್ತದೆ. ವಾರಕ್ಕೊಮ್ಮೆ ರೀಲು ಕರ್ರನೆ ಸದ್ದಾಗಿ ಎದ್ದು ಓಡುವ ಸುಖ ಅವರಿಗಿರಲಿ.

ಸಾವಿರದೈನೂರು ಮಾತ್ರ ಇದೆ ಎನ್ನುವ ಕಾಲೇಜು ಹುಡುಗರು ಕಾಂಬೋ ಕೊಳ್ಳಬೇಡಿ. ಸಾವಿರದಿನ್ನೂರಕ್ಕೆ ಒಂದು ನಂಬುವಂಥ ರೀಲು ನೋಡಿ, ಕೋಲು ಯಾರಾದರೂ ಹಳಬರಿಂದ ಕೇಳಿ ಪಡೆಯಿರಿ. ಹಳೆ ಕೋಲು ನಡೆಯುತ್ತದೆ. ಹಳೆ ದಾರ ನಡೆಯುವುದಿಲ್ಲ. ಹಳೆಯದನ್ನು ಬಿಚ್ಚಿದಾಗ ಕೆರೆ ದಡದಲ್ಲಿ ಬಿಸಾಡದೆ ಗೇಣುದ್ದ ಗೇಣುದ್ದ ಕತ್ತರಿಸಿ ಮನೆಗೆ ತಂದು ಕಸಕ್ಕೆ ಹಾಕಿ.

ಕೊರಮೀನಿನ ಹುಚ್ಚಿರುವವರು ಹೇಗೂ ನನ್ನ ಮಾತು ಕೇಳುವುದಿಲ್ಲ. ಬ್ರೇಡ್ ಹಾಕಿ, ಕೈಗವಸು ಹಾಕಿ, ಕತ್ತರಿಯನ್ನು ಕೊರಳಿಗೆ ನೇತುಹಾಕಿಕೊಳ್ಳಿ.

ಅಳಿಯ ಕೊನೆಗೆ 3000 ಸೈಜಿನದ್ದನ್ನೇ ತಂದ. ಬೆಲೆ ಎಷ್ಟೆಂದು ಕೇಳಿದರೆ ಹೇಳುವುದಿಲ್ಲ. ನಾಳೆ ಬೆಳಿಗ್ಗೆ ಅಂಗಳದಲ್ಲಿ ತಕ್ಕಡಿಗೆ ಕಟ್ಟಿ ಡ್ರ್ಯಾಗ್ ತೂಗುವುದಿದೆ. ತರಕಾರಿ ಗಾಡಿಯವನು ತಕ್ಕಡಿ ಕೊಡಲು ಒಪ್ಪಿದ್ದಾನೆ, ಬಾಡಿಗೆ ಎರಡು ಜಿಲೇಬಿ.